ಸಾಯಿಸಿದವರ ಕೈ ಕಾಣಿಸಿದರೆ

ಜೇಸನ್ ಟಾಡ್ ಸತ್ತಿದ್ದು 72 ಮತಗಳ ಅಂತರದಲ್ಲಿ.

ಜೇಸನ್ ಟಾಡ್ ಅಂದರೆ ಬ್ಯಾಟ್‌ಮ್ಯಾನ್ ಜೊತೆಗಿದ್ದ ಎರಡನೇ ರಾಬಿನ್. ಮೊದಲಿನವನು ದೊಡ್ಡವನಾಗಿ ತನ್ನ ದಾರಿ ಹಿಡಿದ ಮೇಲೆ ಆ ಜಾಗಕ್ಕೆ ಬಂದ ಹುಡುಗ. ಮುಂಗೋಪಿ, ಹೇಳಿದ ಮಾತು ಕೇಳದವನು. ಓದುಗರಲ್ಲಿ ಎಷ್ಟೋ ಜನಕ್ಕೆ ಅವನು ಹಿಡಿಸಲೇ ಇಲ್ಲ. 1988ರಲ್ಲಿ ಡಿಸಿ ಕಾಮಿಕ್ಸ್‌ನವರಿಗೆ ಒಂದು ಉಪಾಯ ಹೊಳೆಯಿತು. ಕಥೆಯಲ್ಲಿ ಜೋಕರ್ ಆ ಹುಡುಗನನ್ನು ಕಬ್ಬಿಣದ ಸಲಾಕೆಯಿಂದ ಬಡಿದು, ಬಾಂಬ್ ಇಟ್ಟು ಹೋಗುತ್ತಾನೆ. ಬಾಂಬ್ ಸಿಡಿಯುತ್ತದೆ. ಸಂಚಿಕೆ ಅಲ್ಲಿಗೆ ನಿಲ್ಲುತ್ತದೆ. ಓದುಗರಿಗೆ ಎರಡು ಫೋನ್ ನಂಬರ್ ಕೊಟ್ಟಿದ್ದರು. ಒಂದಕ್ಕೆ ಕರೆ ಮಾಡಿದರೆ ಹುಡುಗ ಬದುಕಲಿ ಅಂತ. ಇನ್ನೊಂದಕ್ಕೆ ಮಾಡಿದರೆ ಸಾಯಲಿ ಅಂತ. ಒಂದು ಕರೆಗೆ 50 ಸೆಂಟ್. ಒಂದೂವರೆ ದಿನ ಲೈನ್ ತೆರೆದಿತ್ತು. ಸಾಯಲಿ ಅಂದ ಕರೆ 5,343. ಬದುಕಲಿ ಅಂದದ್ದು 5,271.

ಎರಡೂ ಬಗೆಯ ಪುಟಗಳನ್ನು ಮೊದಲೇ ಬರೆಸಿಟ್ಟಿದ್ದರು. ಹುಡುಗ ಉಳಿಯುವ ಪುಟಗಳು ಮೂಲೆ ಸೇರಿದವು. ಅವು ಪೂರ್ತಿ ಸಂಚಿಕೆಯಾಗಿ ಅಚ್ಚಾಗಿದ್ದು 2023ರಲ್ಲಿ, 35 ವರ್ಷ ಕಳೆದ ಮೇಲೆ. ಸತ್ತ ಪುಟಗಳು ಮಾತ್ರ ಆಗಲೇ ಬಂದವು, ಜೊತೆಗೆ ಗಲಾಟೆಯೂ ಬಂತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸಂಪಾದಕ ಡೆನ್ನಿ ಓನೀಲ್ ಅವರಿಗೆ ಅಷ್ಟೊಂದು ಗದ್ದಲದ ನಿರೀಕ್ಷೆ ಇರಲಿಲ್ಲ. ಯಾರೋ ಒಬ್ಬ ಕಂಪ್ಯೂಟರಿನಿಂದ ಪದೇ ಪದೇ ಕರೆ ಮಾಡಿಸಿ ನೂರಾರು ಮತ ಹಾಕಿದ ಅನ್ನುವ ಮಾತು ಅವರ ಕಿವಿಗೂ ಬಿದ್ದಿತ್ತು. ನಿಜವೋ ಸುಳ್ಳೋ, ಆ ಮಾತನ್ನು ಓದುಗರು ಇವತ್ತಿಗೂ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅಂತ ನನಗೆ ಅರ್ಥವಾಗುತ್ತದೆ. ಯಾರೋ ಒಬ್ಬನೇ ಮಾಡಿದ್ದು ಅಂತಾದರೆ ಉಳಿದವರು ಕೈ ತೊಳೆದುಕೊಳ್ಳಬಹುದು, ಅಲ್ವಾ?

ಇಷ್ಟದ ಪಾತ್ರ ಸತ್ತಾಗ ಜನ ಮಾಡುವ ರಂಪಾಟದ ಬಗ್ಗೆ ಎಲ್ಲಿ ಓದಿದರೂ ಈ ಪ್ರಸಂಗವೇ ನನಗೆ ಮೊದಲು ನೆನಪಾಗುತ್ತದೆ. ಕೇಳಿದ್ದನ್ನೇ ಕೊಟ್ಟರೂ ಜನ ಯಾಕೆ ಮುಖ ಗಂಟು ಹಾಕಿಕೊಂಡರು? ನನಗೆ ಅನ್ನಿಸುವುದು ಇಷ್ಟು. ಓದುಗ ಸಾವನ್ನು ಸಹಿಸುತ್ತಾನೆ. ಆ ಸಾವಿನ ಹಿಂದೆ ಕಥೆಗೆ ಸಂಬಂಧವಿಲ್ಲದ ಒಂದು ಕೈ ಕಂಡುಬಿಟ್ಟರೆ ಮಾತ್ರ ಸಹಿಸುವುದಿಲ್ಲ. ಆ ಕೈ ಬರಹಗಾರನದ್ದಾಗಿರಬಹುದು, ನಟನ ಒಪ್ಪಂದದ್ದಾಗಿರಬಹುದು, ಲೆಕ್ಕಪತ್ರದವರದ್ದಾಗಿರಬಹುದು. ಜೇಸನ್ ಟಾಡ್ ವಿಷಯದಲ್ಲಿ ಅದು ಓದುಗರದ್ದೇ ಕೈ. ಅದಕ್ಕೇ ಮುಜುಗರ ಜಾಸ್ತಿ.

ಅಳುವುದು ಬೇರೆ, ಜಗಳಕ್ಕೆ ಹೋಗುವುದು ಬೇರೆ. ಕರ್ಣ ಸತ್ತಾಗ ನಾವೆಲ್ಲ ಅತ್ತಿದ್ದೇವೆ. ಯಾರೂ ವ್ಯಾಸರ ಮೇಲೆ ದೂರು ಕೊಟ್ಟಿಲ್ಲ. ಪಂಪನನ್ನೇ ನೋಡಿ. 941ರ ಸುಮಾರಿಗೆ ಬರೆದ ಅವನ ಕಾವ್ಯದ ನಾಯಕ ಅರ್ಜುನ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜೊತೆ ಬೆಸೆದು ಬರೆದದ್ದು ಅದು. ಹಾಗೆ ನೋಡಿದರೆ ಕರ್ಣ ಎದುರು ಪಾಳೆಯದವನು. ಆದರೂ ಕರ್ಣ ಬಿದ್ದ ಕಡೆ ಕವಿಗೆ ತಡೆಯಲಾಗಲಿಲ್ಲ. ‘ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್, ಒಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ’ ಅಂದುಬಿಟ್ಟ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಅಂತ. ನನ್ನ ಮಟ್ಟಿಗೆ ಅಭಿಮಾನಿಯೊಬ್ಬ ಬರೆದ ಅತಿ ದೊಡ್ಡ ಮಾತು ಇದು. ಕವಿಗೆ ಕಥೆಯನ್ನು ಬದಲಿಸುವ ಹಾಗಿಲ್ಲ. ಸಾವನ್ನು ಒಪ್ಪಿಕೊಂಡೇ ಅವನು ಗೆದ್ದ ಪಕ್ಷದ ಸಂಭ್ರಮಕ್ಕೆ ತಣ್ಣೀರು ಎರಚುತ್ತಾನೆ.

ಮಕ್ಕಳು ಹಾಗಲ್ಲ. ಪುಣ್ಯಕೋಟಿಯ ಹಾಡು ಹೇಳಿ ಮುಗಿಸಿ ನೋಡಿ. ಹಸು ಉಳಿಯಿತಲ್ಲ ಅಂತ ನೀವು ಸಮಾಧಾನದಲ್ಲಿರುತ್ತೀರಿ. ಮಗು ಮಾತ್ರ ಹುಲಿ ಯಾಕೆ ಸಾಯಬೇಕಿತ್ತು ಅಂತ ಕೇಳುತ್ತದೆ. ನಿಮ್ಮನ್ನೇ ಕೇಳುತ್ತದೆ, ಯಾಕೆಂದರೆ ಹೇಳಿದವರು ನೀವು. ಹೇಳುವವರು ಎದುರಿಗೆ ಕೂತಿದ್ದರೆ ಯಾವ ಸಾವಿಗೂ ಮೇಲ್ಮನವಿ ಇದೆ.

ಪತ್ರಿಕೆಗಳಲ್ಲಿ ಧಾರಾವಾಹಿ ಶುರುವಾದಾಗ ಆದದ್ದೂ ಇದೇ. ಓದುಗ ಓದುತ್ತಿರುವಾಗ ಬರಹಗಾರ ಇನ್ನೂ ಬರೆಯುತ್ತಿದ್ದಾನೆ. ಮುಂದಿನ ವಾರ ಏನಾಗಬೇಕು ಅನ್ನುವುದು ಇನ್ನೂ ಅವನ ಮೇಜಿನ ಮೇಲಿದೆ. ಒಂದು ಕಾಗದ ಹಾಕಿ ನೋಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. 1840–41ರಲ್ಲಿ ಡಿಕನ್ಸ್ ವಾರ ವಾರ ಬರೆಯುತ್ತಿದ್ದ ಕಥೆಯ ಪುಟ್ಟ ಹುಡುಗಿ ನೆಲ್‌ಗಾಗಿ ಕಾಗದಗಳು ರಾಶಿ ಬಿದ್ದವು, ದಯವಿಟ್ಟು ಸಾಯಿಸಬೇಡಿ ಅಂತ. ಡಿಕನ್ಸ್ ಸಾಯಿಸಿದ. ಬರೆಯುವಾಗ ತಾನೂ ಸಂಕಟಪಟ್ಟ.

ಷರ್ಲಾಕ್ ಹೋಮ್ಸ್ ಪ್ರಕರಣ ಎಲ್ಲರಿಗೂ ಗೊತ್ತಿರುವುದೇ. ಆದರೂ ಅದರಲ್ಲಿ ಎರಡು ಮೂರು ಸಂಗತಿಗಳನ್ನು ಜನ ಮರೆಯುತ್ತಾರೆ. ಮೊದಲನೆಯದು, ಹೋಮ್ಸ್‌ನನ್ನು ಮೊದಲು ಉಳಿಸಿದ್ದು ಕಾನನ್ ಡಾಯ್ಲ್ ಅವರ ತಾಯಿ. 1891ರಲ್ಲೇ ಮಗ ಕಾಗದ ಬರೆದು ಅವನನ್ನು ಮುಗಿಸಿಬಿಡುವ ಯೋಚನೆ ಇದೆ ಅಂದಿದ್ದರು. ಐತಿಹಾಸಿಕ ಕಾದಂಬರಿ ಬರೆಯಬೇಕು, ಈ ಪತ್ತೇದಾರ ಅದಕ್ಕೆ ಅಡ್ಡ ಬರುತ್ತಿದ್ದಾನೆ ಅನ್ನುವುದು ಅವರ ಕೊರಗು. ತಾಯಿ ಸುತರಾಂ ಒಪ್ಪಲಿಲ್ಲ. ಒಪ್ಪದಿದ್ದುದಷ್ಟೇ ಅಲ್ಲ, ಹೊಸ ಕಥೆಗೊಂದು ಎಳೆಯನ್ನೂ ಕೊಟ್ಟರು. ಹೋಮ್ಸ್‌ಗೆ ಎರಡು ವರ್ಷ ಆಯಸ್ಸು ಸಿಕ್ಕಿತು. 1893ರ ಡಿಸೆಂಬರ್‌ನಲ್ಲಿ ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ ಅವನು ಸ್ವಿಟ್ಜರ್ಲೆಂಡಿನ ರೈಖನ್‌ಬಾಖ್ ಜಲಪಾತಕ್ಕೆ ಬಿದ್ದ.

ಎರಡನೆಯದು, ಅವನ ಜೊತೆ ಬಿದ್ದ ಪ್ರೊಫೆಸರ್ ಮೊರಿಯಾರ್ಟಿ. ಜಗತ್ತಿನ ಮಹಾ ಖಳನಾಯಕ ಅಂತ ನಾವೆಲ್ಲ ನಂಬಿಕೊಂಡಿರುವ ಈ ಮನುಷ್ಯನ ಹೆಸರು ಅಲ್ಲಿಯವರೆಗೆ ಅಚ್ಚಾದ ಒಂದು ಕಥೆಯಲ್ಲೂ ಇರಲಿಲ್ಲ. ಅವನು ಬಂದದ್ದೇ ಆ ಕಥೆಯಲ್ಲಿ. ಬಂದ, ಹೋಮ್ಸ್‌ನನ್ನು ಎಳೆದುಕೊಂಡು ಬಿದ್ದ. ಸುಪಾರಿ ಕೊಟ್ಟು ಕರೆಸಿದ ಆಳು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಸ್ಟ್ರಾಂಡ್‌ಗೆ ಆಗ 20,000 ಚಂದಾದಾರರು ಬೆನ್ನು ತಿರುಗಿಸಿದರು ಅಂತ ಹೇಳುತ್ತಾರೆ. ಒಬ್ಬ ಓದುಗರ ಕಾಗದವಂತೂ ಬೈಗುಳದಿಂದಲೇ ಶುರುವಾಗಿತ್ತು. ಡಾಯ್ಲ್ 1896ರಲ್ಲಿ ಒಂದು ಭಾಷಣದಲ್ಲಿ ತಮ್ಮ ಪರ ತಾವೇ ವಾದಿಸಿದರು. ಇದು ಕೊಲೆಯಲ್ಲ, ಆತ್ಮರಕ್ಷಣೆ. ನಾನು ಅವನನ್ನು ಕೊಲ್ಲದಿದ್ದರೆ ಅವನು ನನ್ನನ್ನು ಕೊಲ್ಲುತ್ತಿದ್ದ ಅಂತ. ಚೆನ್ನಾಗಿದೆ ಮಾತು. ಆದರೆ ಓದುಗನ ದೂರನ್ನು ಅದು ಒಪ್ಪಿಕೊಂಡಂತೆಯೇ ಆಯಿತು. ಕಥೆಗೆ ಬೇಕಾಗಿದ್ದಕ್ಕೆ ಸಾಯಿಸಲಿಲ್ಲ, ನನಗೆ ಸಾಕಾಗಿತ್ತು ಅಂತ ಅವರೇ ಹೇಳಿದರಲ್ಲ.

ಮೂರನೆಯದು, ಹೆಣ ಸಿಗಲಿಲ್ಲ. ವ್ಯಾಟ್ಸನ್ ಓಡಿ ಬಂದು ನೋಡಿದಾಗ ಅಲ್ಲಿದ್ದದ್ದು ಬಂಡೆಗೆ ಒರಗಿಸಿಟ್ಟ ಊರುಗೋಲು, ಸಿಗರೇಟ್ ಡಬ್ಬಿ, ಅದರ ಕೆಳಗೊಂದು ಚೀಟಿ. ಒದ್ದೆ ಮಣ್ಣಿನಲ್ಲಿ ಅಂಚಿನ ಕಡೆ ಹೋದ ಎರಡು ಸಾಲು ಹೆಜ್ಜೆ, ವಾಪಸ್ ಬಂದ ಹೆಜ್ಜೆ ಒಂದೂ ಇಲ್ಲ. ಇಷ್ಟೇ. ಹೋಮ್ಸ್ ಕಥೆಗಳನ್ನೇ ಓದಿ ಪಳಗಿದ ಓದುಗ ಇದನ್ನು ನೋಡಿ ಸುಮ್ನೆ ಇರ್ತಾನಾ? ಹೆಣ ಕಾಣುವವರೆಗೆ ಸಾವನ್ನು ನಂಬಬಾರದು ಅನ್ನುವ ಪಾಠವನ್ನು ಅವನಿಗೆ ಕಲಿಸಿದ್ದೇ ಆ ಕಥೆಗಳು. 1903ರಲ್ಲಿ ಡಾಯ್ಲ್ ಅದೇ ಸಂದಿಯಲ್ಲಿ ಹೋಮ್ಸ್‌ನನ್ನು ವಾಪಸ್ ಕರೆತಂದರು.

ಲಂಡನ್ನಿನ ಯುವಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದರು ಅಂತ ಇನ್ನೊಂದು ಕಥೆ ಇದೆ. ಎಲ್ಲರೂ ಹೇಳುತ್ತಾರೆ, ಆ ಕಾಲದ ಸಾಕ್ಷಿ ಮಾತ್ರ ಸಿಗುವುದಿಲ್ಲ. ನಮಗೆ ಆ ಪಟ್ಟಿ ಬೇಕಾಗಿದೆ, ಅಷ್ಟೇ. ನಮಗಿಂತ ಮೊದಲು ಇನ್ನೂ ಜಾಸ್ತಿ ಹುಚ್ಚು ಹಿಡಿಸಿಕೊಂಡವರಿದ್ದರು ಅಂದರೆ ಒಂಥರಾ ಧೈರ್ಯ.

ಇನ್ನು ನಮ್ಮ ಕಾಲದ್ದು. 2016ರ ಮಾರ್ಚ್‌ನಲ್ಲಿ ‘ದ ಹಂಡ್ರೆಡ್’ ಅನ್ನುವ ಅಮೆರಿಕನ್ ಟಿವಿ ಸರಣಿಯಲ್ಲಿ ಲೆಕ್ಸಾ ಸತ್ತಳು. ಲೆಕ್ಸಾ ಸೇನಾಧಿಪತಿ, ಯುದ್ಧದಲ್ಲಿ ಪಳಗಿದವಳು. ಕ್ಲಾರ್ಕ್ ಅನ್ನುವ ಇನ್ನೊಬ್ಬ ಹುಡುಗಿಯನ್ನು ಪ್ರೀತಿಸುವವಳು. ಎಷ್ಟೋ ಕಾಲ ಎಳೆದಾಡಿದ ಮೇಲೆ ಇಬ್ಬರೂ ಒಂದಾಗುತ್ತಾರೆ. ಆದ ಸ್ವಲ್ಪ ಹೊತ್ತಿಗೇ, ಬೇರೆ ಯಾರಿಗೋ ಹಾರಿಸಿದ ಗುಂಡು ಇವಳಿಗೆ ತಗಲುತ್ತದೆ. ಕಥೆ ಮುಗಿಯಿತು.

ಜನ ಸಿಡಿದೆದ್ದರು. ಹೊರಗಿನಿಂದ ನೋಡುವವರಿಗೆ ಇದೇನು ಹುಚ್ಚು ಅನ್ನಿಸಬಹುದು. ಆದರೆ ಒಂದು ಹಳೆಯ ಲೆಕ್ಕ ಇದೆ. 2002ರಲ್ಲಿ ‘ಬಫಿ’ ಸರಣಿಯಲ್ಲಿ ಟಾರಾ ಅನ್ನುವ ಹುಡುಗಿ ಸತ್ತಿದ್ದಳು. ಅವಳೂ ಇನ್ನೊಬ್ಬ ಹುಡುಗಿಯನ್ನು ಪ್ರೀತಿಸಿದವಳು. ಅವಳೂ ಜಗಳ ಮುಗಿಸಿ ಮತ್ತೆ ಒಂದಾದ ಬೆನ್ನಿಗೇ ಸತ್ತಳು. ಅವಳಿಗೂ ತಗಲಿದ್ದು ಬೇರೆಯವರಿಗೆ ಹಾರಿಸಿದ ಗುಂಡೇ. 14 ವರ್ಷದ ಅಂತರದಲ್ಲಿ ಅದೇ ಗುಂಡು ಎರಡು ಸಲ! ಟಿವಿಯಲ್ಲಿ ತಮ್ಮಂಥವರನ್ನು ಬೆರಳೆಣಿಕೆಯಷ್ಟು ನೋಡುವ ಹುಡುಗಿಯರು, ಆ ಬೆರಳೆಣಿಕೆಯವರೂ ಹೀಗೆ ಸಾಲಾಗಿ ಸಾಯುವುದನ್ನು ಕಂಡಿದ್ದರು. ಅವರ ಸಿಟ್ಟು ಒಂದು ಸಾವಿನ ಮೇಲಲ್ಲ, ಒಂದು ಚಾಳಿಯ ಮೇಲೆ. ಲೆಕ್ಸಾ ಮಾಡಿದ ನಟಿಗೆ ಇನ್ನೊಂದು ಸರಣಿಯಲ್ಲಿ ಕೆಲಸ ಇತ್ತು ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಅಂದರೆ ಕೈ ಎರಡೆರಡು ಕಡೆಯಿಂದ ಕಾಣುತ್ತಿತ್ತು. ಕೆಲವೇ ವಾರದಲ್ಲಿ ಸರಣಿಯ ಮುಖ್ಯಸ್ಥ ಬಹಿರಂಗ ಪತ್ರ ಬರೆದು ವಿಷಾದಿಸಿದ.

ಆ ಸಿಟ್ಟು ಹೋದ ದಾರಿಯನ್ನೂ ನೋಡಬೇಕು. ಅಭಿಮಾನಿಗಳು ದುಡ್ಡು ಸೇರಿಸಲು ಶುರು ಮಾಡಿದರು. ಅದನ್ನು ಟ್ರೆವರ್ ಪ್ರಾಜೆಕ್ಟ್ ಅನ್ನುವ ಸಂಸ್ಥೆಗೆ ಕೊಟ್ಟರು. ಸಲಿಂಗಿ ಹದಿಹರೆಯದವರು ಆತ್ಮಹತ್ಯೆಯ ಯೋಚನೆಯಲ್ಲಿದ್ದಾಗ ಫೋನಿನಲ್ಲಿ ಮಾತಾಡಿಸುವ ಸಂಸ್ಥೆ ಅದು. ಒಟ್ಟಾದದ್ದು 1,00,000 ಡಾಲರ್‌ಗೂ ಜಾಸ್ತಿ. ಮರುವರ್ಷ ಅವರದ್ದೇ ಒಂದು ಸಮ್ಮೇಳನವೂ ಶುರುವಾಯಿತು. ‘ಸುಮ್ನೆ ಒಂದು ಸೀರಿಯಲ್ಲಿಗೆ ಇಷ್ಟೆಲ್ಲಾನಾ’ ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ನಟರು ಬಿಟ್ಟು ಹೋದಾಗ ಪಾತ್ರ ಸಾಯಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊರಿಯಾ ಯುದ್ಧದ ಡಾಕ್ಟರುಗಳ ಕಥೆ ‘ಮ್ಯಾಶ್’ ಸರಣಿಯಲ್ಲಿ 1975ರಲ್ಲಿ ಹೆನ್ರಿ ಬ್ಲೇಕ್ ಸತ್ತ. ಆ ನಟ ಬಿಟ್ಟು ಹೊರಟಿದ್ದರು. ಕಥೆಯಲ್ಲಿ ಅವನಿಗೆ ಬೀಳ್ಕೊಡುಗೆಯೂ ಆಗುತ್ತದೆ, ಊರಿಗೆ ಹೋಗುವ ವಿಮಾನ ಹತ್ತುತ್ತಾನೆ. ಕೊನೆಯ ಪುಟವನ್ನು ಮಾತ್ರ ಹೆಚ್ಚಿನ ನಟರಿಗೆ ಕೊಟ್ಟಿರಲೇ ಇಲ್ಲ. ಆಪರೇಷನ್ ನಡೆಯುತ್ತಿದೆ. ಗುಮಾಸ್ತ ರಾಡಾರ್ ಒಳಗೆ ಬಂದು ಕಾಗದ ಓದುತ್ತಾನೆ. ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಎಲ್ಲೋ ಒಂದು ಉಪಕರಣ ಠಣ್ ಅಂತ ಬೀಳುತ್ತದೆ. ಡಾಕ್ಟರುಗಳು ಕೆಲಸ ನಿಲ್ಲಿಸುವುದಿಲ್ಲ. ನಿಲ್ಲಿಸುವ ಹಾಗೂ ಇಲ್ಲ, ಮೇಜಿನ ಮೇಲೆ ಇನ್ನೊಬ್ಬನ ಹೊಟ್ಟೆ ತೆರೆದಿದೆ. ಹಾಸ್ಯ ಸರಣಿ ಅಂತ ಕೂತಿದ್ದ ಜನ ಆಗ ಸಿಟ್ಟಿನ ಕಾಗದ ಬರೆದರು. ಆದರೆ ಆ ಸಾವಿಗೆ ಕಥೆಯೊಳಗೇ ಕಾರಣ ಇತ್ತು. ಯುದ್ಧ ಅಂದರೆ ಊರಿಗೆ ಹೊರಟವನೂ ತಲುಪದೆ ಇರಬಹುದು. ನಟನ ಒಪ್ಪಂದ ಏನೇ ಇರಲಿ, ಸರಣಿ ಮೊದಲ ದಿನದಿಂದ ಹೇಳುತ್ತಿದ್ದದ್ದು ಅದನ್ನೇ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾವು. ಜಪಾನಿನ ‘ಆಶಿತಾ ನೋ ಜೋ’ ಅನ್ನುವ ಬಾಕ್ಸಿಂಗ್ ಮಾಂಗಾದ ರಿಕಿಯಿಶಿ ತೋರು. 1968ರಿಂದ ಒಂದು ವಾರಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕಥೆ. ಕಥೆ ಇಕ್ಕಿ ಕಾಜಿವಾರಾ ಅವರದು, ಚಿತ್ರ ತೆತ್ಸುಯಾ ಚಿಬಾ ಅವರದು. ನಾಯಕ ಜೋ ಅನಾಥ, ಪುಂಡ. ಬಾಲಾಪರಾಧಿಗಳ ಸೆರೆಯಲ್ಲಿ ಅವನಿಗೆ ಎದುರಾಳಿಯಾಗಿ ಸಿಗುವವನು ರಿಕಿಯಿಶಿ. ಇಲ್ಲೊಂದು ತಮಾಷೆ ನಡೆಯಿತು. ರಿಕಿಯಿಶಿ ಮುಂದೆ ಅಷ್ಟು ದೊಡ್ಡ ಪಾತ್ರವಾಗುತ್ತಾನೆ ಅಂತ ಚಿತ್ರಕಾರನಿಗೆ ಗೊತ್ತಿರಲಿಲ್ಲ. ಮೊದಲ ಸಲ ಬರೆಯುವಾಗ ಜೋಗಿಂತ ತುಂಬಾ ಎತ್ತರಕ್ಕೆ ಬರೆದುಬಿಟ್ಟರು. ಇಬ್ಬರೂ ರಿಂಗಿನಲ್ಲಿ ಎದುರಾಗಬೇಕು ಅಂದರೆ ಒಂದೇ ತೂಕದ ವರ್ಗದಲ್ಲಿರಬೇಕಲ್ಲ? ಜೋ ಬ್ಯಾಂಟಮ್‌ವೇಟ್, ಅಂದರೆ 53.5 ಕಿಲೋ ಆಸುಪಾಸು. ಹಾಗಾಗಿ ಆ ಎತ್ತರದ ಆಳು ತೂಕ ಇಳಿಸಬೇಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಒಂದು ವಾಕ್ಯದಲ್ಲಿ ತೂಕ ಇಳಿಸಿ ಮುಂದೆ ಹೋಗುತ್ತಿದ್ದರು. ಇವರು ಪುಟಗಟ್ಟಲೆ ಅದನ್ನೇ ಬರೆದರು. ರಿಕಿಯಿಶಿ ಊಟ ಬಿಟ್ಟ, ನೀರು ಬಿಟ್ಟ. ಕೆನ್ನೆ ಒಳಗೆ ಹೋಯಿತು, ಕಣ್ಣು ಗುಳಿಬಿತ್ತು. ಒಂದು ರಾತ್ರಿ ತಡೆಯಲಾಗದೆ ನೀರಿಗಾಗಿ ನಲ್ಲಿ ಹತ್ತಿರ ಹೋಗುತ್ತಾನೆ. ನಲ್ಲಿಗಳಿಗೆಲ್ಲ ತಂತಿ ಬಿಗಿದಿದೆ. ಅವನ ಜಿಮ್ ನಡೆಸುವ ಮನೆತನದ ಯೋಕೊ ಅನ್ನುವ ಹುಡುಗಿ ಮನಸ್ಸು ತಡೆಯದೆ ಒಂದು ಲೋಟ ಬಿಸಿನೀರು ತಂದು ಕೊಡುತ್ತಾಳೆ. ಅವನು ಲೋಟ ತೆಗೆದುಕೊಳ್ಳುತ್ತಾನೆ. ನಿನ್ನ ಮನಸ್ಸು ಸಾಕು ಅಂತ ಹೇಳಿ ನೀರನ್ನು ನೆಲಕ್ಕೆ ಸುರಿಯುತ್ತಾನೆ. ಆ ಪುಟ ನೋಡಿದ ಮೇಲೆ ಅವನು ಬದುಕುವುದಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಬದುಕಲಿ ಅಂತ ಅನ್ನಿಸುವುದೂ ಅಲ್ಲೇ. ಪಂದ್ಯದಲ್ಲಿ ಅವನು ಜೋನನ್ನು ಕೆಡವಿ ಗೆಲ್ಲುತ್ತಾನೆ. ಕೈ ಕುಲುಕಲು ಬರುತ್ತಾನೆ. ಕೈ ಚಾಚಿದವನು ಹಾಗೇ ಕುಸಿಯುತ್ತಾನೆ.

1970ರ ಮಾರ್ಚ್ 24ರಂದು ಟೋಕಿಯೋದಲ್ಲಿ ಅವನಿಗೆ ಶವಸಂಸ್ಕಾರದ ಸಭೆ ನಡೆಯಿತು. ಪ್ರಕಾಶಕರಾದ ಕೊದಾನ್‌ಶಾ ಕಟ್ಟಡದಲ್ಲೇ. ಕರೆ ಕೊಟ್ಟವರು ಕವಿ, ನಾಟಕಕಾರ ಶೂಜಿ ತೆರಾಯಾಮಾ. ಸಭಾಂಗಣದಲ್ಲಿ ಬಾಕ್ಸಿಂಗ್ ರಿಂಗ್ ಹಾಕಿದ್ದರು. ಬೌದ್ಧ ಅರ್ಚಕರು ಬಂದು ಮಂತ್ರ ಹೇಳಿದರು. ಸುಮಾರು 700 ಜನ ಸೇರಿದ್ದರು. ಅದೇ ಕಥೆಯ ಟಿವಿ ಸರಣಿ ಮುಂದಿನ ತಿಂಗಳು ಶುರುವಾಗುವುದಿತ್ತು, ಅದರ ಹಾಡು ಬರೆದವರೂ ತೆರಾಯಾಮಾ. ಹಾಗಾಗಿ ಇದು ಬರೀ ಪ್ರಚಾರ ಅಂತ ಮೂಗು ಮುರಿಯಬಹುದು. ಪ್ರಚಾರ ಇದ್ದೇ ಇತ್ತು ಅನ್ನಿ. ಆದರೆ ಪ್ರಚಾರಕ್ಕೆ ಅಂತ ಕರೆದ ಮಾತ್ರಕ್ಕೆ ಕಾಗದದ ಮೇಲಿನ ಮನುಷ್ಯನಿಗೆ ಯಾರೂ ತಲೆ ಬಾಗಿಸಲು ಬರುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು, ಅಲ್ಲಿಗೆ ಬಂದವರು ಅವನನ್ನು ವಾಪಸ್ ಕೊಡಿ ಅಂತ ಕೂಗಲು ಬಂದಿರಲಿಲ್ಲ. ಬೀಳ್ಕೊಡಲು ಬಂದಿದ್ದರು. ಹೋಮ್ಸ್‌ಗೆ ಸಿಕ್ಕಿದ್ದು ಬೈಗುಳದ ಕಾಗದ, ರಿಕಿಯಿಶಿಗೆ ಮಂತ್ರ. ಚಿತ್ರಕಾರ ಕೈತಪ್ಪಿ ಎತ್ತರ ಜಾಸ್ತಿ ಬರೆದದ್ದೇ ಆ ಸಾವಿಗೆ ಮೂಲ. ಆದರೂ ಆ ಕೈ ಯಾರಿಗೂ ಕಾಣಲಿಲ್ಲ, ಅಷ್ಟು ಚೆನ್ನಾಗಿ ಕಥೆ ಅದನ್ನು ನುಂಗಿಕೊಂಡಿತ್ತು.

ಇಲ್ಲದ ಮನುಷ್ಯನಿಗೆ ಯಾಕೆ ಅಳಬೇಕು ಅನ್ನುವ ಪ್ರಶ್ನೆ ಇದ್ದೇ ಇದೆ. 1956ರಲ್ಲೇ ಹಾರ್ಟನ್ ಮತ್ತು ವೋಲ್ ಅನ್ನುವ ಇಬ್ಬರು ಟಿವಿ ನೋಡುವವರ ಬಗ್ಗೆ ಬರೆದಿದ್ದರು. ಪರದೆಯ ಮೇಲಿನವರ ಜೊತೆ ನೋಡುಗ ಒಂದು ಬಗೆಯ ಒಡನಾಟ ಬೆಳೆಸಿಕೊಳ್ಳುತ್ತಾನೆ, ಅದು ಒಂದೇ ಕಡೆಯಿಂದ ಇದ್ದರೂ ಒಡನಾಟವೇ ಅಂತ. ಇದಕ್ಕೆ ಪ್ಯಾರಾಸೋಶಿಯಲ್ ಅಂತ ದೊಡ್ಡ ಹೆಸರಿದೆ. ನನಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಆರೇಳು ವರ್ಷ ವಾರಕ್ಕೊಂದು ಗಂಟೆ ಒಬ್ಬರ ಮುಖ ನೋಡಿದ್ದೀರಿ. ಅವರು ಒಬ್ಬರೇ ಇದ್ದಾಗ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು. ನಿಮ್ಮ ಸ್ವಂತ ಚಿಕ್ಕಪ್ಪನ ಬಗ್ಗೆ ಅಷ್ಟು ಗೊತ್ತಾ? ನಾನಂತೂ ಒಂದು ಕಾದಂಬರಿಯಲ್ಲಿ ಇಷ್ಟದವಳು ಸತ್ತ ಪುಟ ಓದಿ, ಎರಡು ಹಾಳೆ ಅಂಟಿಕೊಂಡಿರಬೇಕು ಅಂತ ಉಗುರಿನಿಂದ ಬಿಡಿಸಿ ನೋಡಿದವನು. ಅಂಟಿಕೊಂಡಿರಲಿಲ್ಲ.

ಆದರೆ ಇದೇ ಪ್ರೀತಿ ಕೊಳೆಯುವುದೂ ಇದೆ. ಬರಹಗಾರರಿಗೆ ಕೊಲೆ ಬೆದರಿಕೆ, ನಟರ ಮನೆಯವರಿಗೆ ಬೈಗುಳ. ಅಂಥವರಿಗೆ ನನ್ನ ಹತ್ತಿರ ಯಾವ ಸಹಾನುಭೂತಿಯೂ ಇಲ್ಲ. ಕಾಗದದ ಸಾವಿಗೆ ನಿಜದ ಮನುಷ್ಯನನ್ನು ಹೆದರಿಸುವವರು ಆ ಪಾತ್ರವನ್ನು ಪ್ರೀತಿಸಿದ್ದರು ಅಂತ ನಾನು ನಂಬುವುದಿಲ್ಲ. ಅವರಿಗೆ ಒಂದು ನೆಪ ಬೇಕಿತ್ತು, ಸಿಕ್ಕಿತು.

ಬರಹಗಾರರು ಹೆದರಿ, ಅಥವಾ ದುಡ್ಡಿನ ಆಸೆಗೆ ಸತ್ತವರನ್ನು ವಾಪಸ್ ತಂದರೆ ಏನಾಗುತ್ತದೆ? ಕಾಮಿಕ್ಸ್ ಲೋಕ ಅದನ್ನು ಮಾಡಿ ತೋರಿಸಿದೆ. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸತ್ತ. ಸಂಚಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ಸಂಗ್ರಹಿಸುವವರಿಗೆ ಅಂತ ಕಪ್ಪು ಚೀಲದಲ್ಲಿ ಹಾಕಿ ಕೊಟ್ಟ ಪ್ರತಿಯ ಜೊತೆ ತೋಳಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿಯೂ ಇತ್ತು! ಹೋಮ್ಸ್ ಕಾಲದ ದಂತಕಥೆಯನ್ನು ಪ್ರಕಾಶಕರೇ ಪ್ಯಾಕೆಟ್ ಮಾಡಿ ಮಾರಿದರು. ಮುಂದಿನ ವರ್ಷವೇ ಸೂಪರ್‌ಮ್ಯಾನ್ ಎದ್ದು ಬಂದ. ಕಾಮಿಕ್ಸ್ ಓದುವವರಲ್ಲಿ ಒಂದು ಜೋಕ್ ಇತ್ತು. ಅಲ್ಲಿ ಯಾರೂ ಸತ್ತೇ ಇರುವುದಿಲ್ಲ, ಮೂವರನ್ನು ಬಿಟ್ಟು. ಸ್ಪೈಡರ್‌ಮ್ಯಾನ್‌ನ ಅಂಕಲ್ ಬೆನ್, ಕ್ಯಾಪ್ಟನ್ ಅಮೆರಿಕಾನ ಗೆಳೆಯ ಬಕಿ, ಮತ್ತು ನಮ್ಮ ಜೇಸನ್ ಟಾಡ್. 2005ರಲ್ಲಿ ಬಕಿಯೂ ಬಂದ, ಜೇಸನ್ ಟಾಡೂ ಬಂದ. ಪಾಪ ಅಂಕಲ್ ಬೆನ್ ಒಬ್ಬನೇ ಉಳಿದ. ಈಗ ಯಾವುದಾದರೂ ಸೂಪರ್‌ಹೀರೋ ಸತ್ತರೆ ಓದುಗರು ಕೇಳುವುದು ಎಷ್ಟು ತಿಂಗಳಿಗೆ ಅಂತ. ಅಳು ಹೋಯಿತು, ಸಿಟ್ಟೂ ಹೋಯಿತು. ಸಿಟ್ಟು ಬಂದು ಕಾಗದ ಬರೆಯುವ ಓದುಗ ಇನ್ನೂ ನಿಮ್ಮನ್ನು ನಂಬಿದ್ದಾನೆ. ಎಷ್ಟು ತಿಂಗಳು ಅಂತ ಕೇಳುವವನು ನಂಬುವುದನ್ನು ಬಿಟ್ಟಿದ್ದಾನೆ.

ಅರ್ಜಿ ಹಾಕಲು ಜಾಗವೇ ಇಲ್ಲದ ಸಾವು ಒಂದಿದೆ. ನಟನೇ ನಿಜವಾಗಿ ತೀರಿಕೊಂಡದ್ದು. ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನಲ್ಲಿ ಅಂಗಡಿಯ ಮಿಸ್ಟರ್ ಹೂಪರ್ ಆಗಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಬಹುದಿತ್ತು. ಊರು ಬಿಟ್ಟು ಹೋದರು ಅನ್ನಬಹುದಿತ್ತು. ಅವರು ಹಾಗೆ ಮಾಡದೆ, 1983ರ ನವೆಂಬರ್‌ನಲ್ಲಿ ಮಕ್ಕಳಿಗೆ ನಿಜ ಹೇಳಿದರು. ಆ ಕಂತಿನಲ್ಲಿ ಬಿಗ್ ಬರ್ಡ್ ಅನ್ನುವ ಹಳದಿ ಹಕ್ಕಿ ಎಲ್ಲರ ಚಿತ್ರ ಬರೆದು ತಂದು ಹಂಚುತ್ತದೆ. ಎಲ್ಲರಿಗೂ ಕೊಟ್ಟಾಯಿತು, ಒಂದು ಉಳಿಯಿತು. ಮಿಸ್ಟರ್ ಹೂಪರ್ ಎಲ್ಲಿ, ಬಂದ ಮೇಲೆ ಕೊಡ್ತೀನಿ ಅನ್ನುತ್ತದೆ. ಅವರು ಬರುವುದಿಲ್ಲ ಅಂತ ದೊಡ್ಡವರು ಹೇಳಬೇಕಾಗುತ್ತದೆ. ಇನ್ನು ಯಾವತ್ತೂ ಬರಲ್ವಾ ಅಂತ ಅದರ ದಿಗಿಲು. ಯಾಕೆ ಹೀಗಾಗಬೇಕು ಅಂತ ಕೇಳುತ್ತದೆ. ಇದಕ್ಕೆ ಏನು ಉತ್ತರ? ಇದು ಹೀಗೆ, ಅಷ್ಟೇ ಅನ್ನುತ್ತಾರೆ. ನಟರ ಗಂಟಲು ಕಟ್ಟಿರುವುದು ಕೇಳಿಸುತ್ತದೆ. ಪುಣ್ಯಕೋಟಿಯ ಹುಲಿ ಯಾಕೆ ಸಾಯಬೇಕಿತ್ತು ಅಂತ ಕೇಳಿದ ಮಗುವಿನ ಪ್ರಶ್ನೆಯೇ ಇದು. ಇಲ್ಲಿ ಹೇಳುವವರ ಕೈಯಲ್ಲೂ ಏನೂ ಇಲ್ಲ ಅಂತ ಆ ಮಗುವಿಗೂ ತಿಳಿಯುತ್ತದೆ.

ಉಳಿದ ಸಾವುಗಳಿಗೆ ಅಭಿಮಾನಿಗಳೇ ಮದ್ದು ಕಂಡುಕೊಂಡಿದ್ದಾರೆ. ತಾವೇ ಕಥೆ ಬರೆದುಕೊಳ್ಳುವುದು. ‘ಆರ್ಕೈವ್ ಆಫ್ ಅವರ್ ಓನ್’ ಅನ್ನುವ ತಾಣದಲ್ಲಿ ‘ಫಿಕ್ಸ್-ಇಟ್’ ಅಂತಲೇ ಒಂದು ಜಾತಿಯ ಕಥೆಗಳಿವೆ. ಮೂಲದಲ್ಲಿ ಸತ್ತವರು ಇಲ್ಲಿ ಸಾಯುವುದಿಲ್ಲ. ‘ಎಲ್ಲರೂ ಬದುಕುತ್ತಾರೆ, ಯಾರೂ ಸಾಯುವುದಿಲ್ಲ’ ಅನ್ನುವುದಕ್ಕೇ ಪ್ರತ್ಯೇಕ ಹಣೆಪಟ್ಟಿ ಇದೆ. ಇನ್ನೊಂದು ಒಳ್ಳೆಯ ಪದ್ಧತಿಯೂ ಇದೆ. ಮುಖ್ಯ ಪಾತ್ರ ಸಾಯುವ ಹಾಗಿದ್ದರೆ ಕಥೆಯ ತಲೆಯ ಮೇಲೇ ಎಚ್ಚರಿಕೆ ಹಾಕಬಹುದು. ಹಾಕಲು ಇಷ್ಟವಿಲ್ಲದಿದ್ದರೆ, ಎಚ್ಚರಿಕೆ ಕೊಡುತ್ತಿಲ್ಲ ಅಂತ ಹೇಳಬೇಕು. ಮಹಾಭಾರತದ ಪಾತ್ರಗಳ ಮೇಲೂ ಅಲ್ಲಿ ಕಥೆಗಳಿವೆ. ಸಾವಿರ ವರ್ಷದ ಹಿಂದೆ ಪಂಪನಿಗೆ ಇಲ್ಲದ ಸೌಲಭ್ಯ ಅಭಿಮಾನಿಗಳಿಗೆ ಈಗ ಸಿಕ್ಕಿದೆ.

ಈ ಕಥೆಗಳಲ್ಲಿ ಒಂದೇ ತೊಂದರೆ. ಉಳಿಸಿದ ಮೇಲೆ ಅವರಿಂದ ಏನು ಮಾಡಿಸಬೇಕು ಅಂತ ಬರೆಯುವವರಿಗೂ ತೋಚುವುದಿಲ್ಲ. ಯುದ್ಧದಲ್ಲಿ ಬೀಳಬೇಕಿದ್ದ ಸೇನಾಪತಿ, ಜಲಪಾತಕ್ಕೆ ಬೀಳಬೇಕಿದ್ದ ಪತ್ತೇದಾರ, ಎಲ್ಲರೂ ಕೊನೆಗೆ ಒಂದು ಕಾಫಿ ಅಂಗಡಿ ಇಟ್ಟುಕೊಂಡು ಕೂರುತ್ತಾರೆ. ನಿಜವಾಗಿಯೂ, ಕಾಫಿ ಅಂಗಡಿ ಕಥೆಗಳು ಅಂತಲೇ ಒಂದು ಪ್ರಕಾರ ಇದೆ. ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಮೂರನೇ ಪುಟಕ್ಕೆ ಬೇಜಾರು ಬರುತ್ತದೆ. ಆದರೂ ಪೂರ್ತಿ ಓದುತ್ತೇನೆ. ಲೆಕ್ಸಾ ಇರುವ ಕಥೆಯಾದರೆ ಎರಡೆರಡು ಸಲ.